ಅಪ್ಪನ ಉಡಿದಾರದಲ್ಲಿದ್ದ ಬೀಗದ ಕೈ

ನಮ್ಮಪ್ಪ ಊರಿನ ನೀರುಗಂಟಿ ಆಗಿದ್ದರು. ಓವರ್‌ಹೆಡ್ ಟ್ಯಾಂಕಿನ ಮುಚ್ಚಳಕ್ಕೆ ಹಾಕಿದ ಬೀಗದ ಕೈ ಅವರ ಉಡಿದಾರದಲ್ಲೇ ಇರುತ್ತಿತ್ತು. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ, ಏಪ್ರಿಲ್ ತಿಂಗಳ ಒಂದು ಬೆಳಗ್ಗೆ, ಬ್ಲೀಚಿಂಗ್ ಪೌಡರ್ ಹಾಕಲು ಅಪ್ಪ ಮೇಲೆ ಹತ್ತಿದರು. ಬೀಗ ಒಡೆದು ನೇತಾಡುತ್ತಿತ್ತು. ಬಗ್ಗಿ ನೀರಿನ ವಾಸನೆ ನೋಡಿದರು. ಏನೂ ಇರಲಿಲ್ಲ. ಆದರೂ ಇಳಿದು ಬಂದು ವಾಶ್‌ಔಟ್ ವಾಲ್ವ್ ತಿರುಗಿಸಿಬಿಟ್ಟರು. 50,000 ಲೀಟರ್ ನೀರು, ಬೇಸಿಗೆಯಲ್ಲಿ, ಚರಂಡಿಗೆ ಹರಿಯಿತು. ಖಾಲಿ ಕೊಡ ಹಿಡಿದು ನಿಂತವರಿಗೆ ಸಿಟ್ಟು ಬರದೇ ಇರುತ್ತಾ?

"ಯಾರೋ ಹುಡುಗ್ರು ಹತ್ತಿರ್ತಾರೆ ಕಣಯ್ಯಾ, ಅಷ್ಟಕ್ಕೇ ಚೆಲ್ಲಿಬಿಡ್ತೀಯಾ?"

"ಯಾರು ಅಂತ ಗೊತ್ತಿದ್ರೆ ಬಿಡ್ತಿದ್ದೆ ಅಣ್ಣಾ. ಗೊತ್ತಿಲ್ವಲ್ಲ."

ಎರಡು ದಿನ ಅಮ್ಮನೂ ಎಲ್ಲರಂತೆ ತೋಟದ ಪಂಪ್‌ಸೆಟ್ಟಿಂದ ನೀರು ಹೊತ್ತಳು. ಬೀಗ ಒಡೆದವರು ಯಾರು ಅಂತ ಕೊನೆಗೂ ತಿಳಿಯಲಿಲ್ಲ.

2025ರ ಜುಲೈನಲ್ಲಿ ಸವದತ್ತಿ ತಾಲ್ಲೂಕಿನ ಹೂಲಿಕಟ್ಟಿ ಶಾಲೆಯ ನೀರಿನ ಟ್ಯಾಂಕಿಗೆ ವಿಷ ಹಾಕಿದ್ದರು. ಮಕ್ಕಳು ಅಸ್ವಸ್ಥರಾದರು. ಆ ಸುದ್ದಿ ಓದಿದಾಗ ಅಪ್ಪ ಅಂದು ಮಾಡಿದ್ದು ಪೂರ್ತಿ ಅರ್ಥವಾಯಿತು. ಬ್ಲೀಚಿಂಗ್ ಪೌಡರ್ ರೋಗಾಣುಗಳನ್ನು ಕೊಲ್ಲುತ್ತೆ. ಕೀಟನಾಶಕದ ಎದುರು ಅದನ್ನು ನಂಬಿ ಕೂರೋ ಹಾಗಿಲ್ಲ. ಬೀಗ ಒಡೆದಿದೆ ಅಂದರೆ ನೀರು ಖಾಲಿ ಮಾಡಿ, ಟ್ಯಾಂಕ್ ತೊಳೆಯೋದೇ ಸರಿ.

ಬ್ಲೀಚಿಂಗ್ ಹಾಕೋದರಲ್ಲೂ ಅಪ್ಪನಿಗೆ ಅವಸರ ಇರಲಿಲ್ಲ. ಸಾವಿರ ಲೀಟರಿಗೆ 4 ಗ್ರಾಂ ಲೆಕ್ಕ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿದು, ಅರ್ಧ ಗಂಟೆ ಕಾದು, ಆಮೇಲೆ ನೀರು ಬಿಡುತ್ತಿದ್ದರು. ಊರಿನ ಕೊನೇ ಮನೆಯ ನಲ್ಲಿಯಲ್ಲಿ ನೀರು ಹಿಡಿದು, ಪರೀಕ್ಷೆಯ ಔಷಧಿ ಹನಿ ಹಾಕಿ, ಹಳದಿ ಬಣ್ಣ ಬಂತಾ ಅಂತ ನೋಡುತ್ತಿದ್ದರು. ಆ ಕೊನೇ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ಬೀಗ ಮೇಲಿನ ದಾರಿ ಕಾಯುತ್ತೆ. ಕೆಳಗಿನ ದಾರಿಗೆ ಬೀಗವೇ ಇಲ್ಲ. ದಿನ ಬಿಟ್ಟು ದಿನ ನೀರು ಬಿಡುವ ಊರಲ್ಲಿ ಪೈಪು ಖಾಲಿಯಾದಾಗ ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತೆ. ಚರಂಡಿ ಪಕ್ಕದಲ್ಲಿ ಒಂದು ಸಣ್ಣ ಬಿರುಕು ಇದ್ದರೂ ಸಾಕು. ನಲ್ಲಿಗೇ ಮೋಟಾರ್ ಹಚ್ಚುತ್ತಾರಲ್ಲ, ಅವರು ಬರೀ ನೀರನ್ನಲ್ಲ, ಈ ಕೊಳಕನ್ನೂ ಎಳೆಯುತ್ತಾರೆ. ದಯವಿಟ್ಟು ಹಚ್ಚಬೇಡಿ. ಮಳೆ ಬಂದ ಮಾರನೇ ದಿನ ಅಪ್ಪ ವಾಲ್ವ್ ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ತಂಬಿಗೆಯಲ್ಲಿ ರಾಡಿ ಎತ್ತಿ ಎತ್ತಿ ಹಾಕುತ್ತಿದ್ದರು. ಗುಂಡಿ ಒಣಗದೆ ವಾಲ್ವ್ ಮುಟ್ಟುತ್ತಿರಲಿಲ್ಲ. ಇಂಥ ಕೆಲಸಕ್ಕೆ ಸಂಬಳ ತಿಂಗಳುಗಟ್ಟಲೆ ಬಾಕಿ. ಅದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತೆ.

ಹೋದ ತಿಂಗಳು ಊರಿಗೆ ಹೋದಾಗ ಟ್ಯಾಂಕಿನ ಮೇಲೆ ಹತ್ತಿ ನೋಡಿದೆ. ಮುಚ್ಚಳವನ್ನು ಒಂದು ತಂತಿಯಲ್ಲಿ ಸುತ್ತಿಟ್ಟಿದ್ದರು. ಪೇಟೆಯಿಂದ ಗಟ್ಟಿ ಬೀಗ ತಂದು, ಹಾಕಿ, ಬೀಗದ ಕೈಯನ್ನು ಈಗಿನ ನೀರುಗಂಟಿಗೆ ಕೊಟ್ಟೆ. ಮನೆಗೆ ಬಂದು ಹೇಳಿದೆ.

ಅಪ್ಪ ಮಂಚದಿಂದ ಎದ್ದು ಕೂತರು. "ಬೀಗಕ್ಕೆ ಎರಡು ಕೈ ಇರುತ್ವೆ. ಇನ್ನೊಂದೆಲ್ಲಿ?"

ಅದು ನನ್ನ ಬ್ಯಾಗಿನಲ್ಲೇ ಇತ್ತು. ಸಂಜೆಯೇ ಹೋಗಿ ಕೊಟ್ಟು ಬಂದೆ.