ಕಣ್ಣು ಮುಂಬೈಯ ವಿಮಾನಕ್ಕಾಗಿ ಕಾಯುವುದಿಲ್ಲ

ಉಡುಪಿ, ಮಂಗಳೂರು ಸೀಮೆಯ ಮನೆಯೊಂದರಲ್ಲಿ ಸಾವು ಸಂಭವಿಸಿದರೆ ಮೊದಲ ಫೋನು ಹೋಗುವುದು ಹೆಚ್ಚಾಗಿ ಮುಂಬೈಗೆ, ಇಲ್ಲವೇ ದುಬೈಗೆ. ಮಗ ಬರಬೇಕು, ಮಗಳು ಬರಬೇಕು, ಬಜ್ಪೆಗೆ ವಿಮಾನ ಎಷ್ಟು ಗಂಟೆಗೆ, ಅಲ್ಲಿಯವರೆಗೆ ದೇಹವನ್ನು ಮನೆಯಲ್ಲೇ ಶೀತಲ ಪೆಟ್ಟಿಗೆಯಲ್ಲಿಡುವುದೋ ಆಸ್ಪತ್ರೆಯ ಶವಾಗಾರಕ್ಕೆ ಒಯ್ಯುವುದೋ ಎಂಬ ಮಾತುಗಳಲ್ಲೇ ಮೊದಲ ಐದಾರು ಗಂಟೆಗಳು ಕಳೆದುಹೋಗುತ್ತವೆ. ದೇಹವನ್ನು ಒಂದು ದಿನ ಕಾಯಿಸಬಹುದು. ಕಣ್ಣನ್ನು ಹಾಗೆ ಕಾಯಿಸಲಾಗದು. ಸಾವಿನ ಬಳಿಕ ಆದಷ್ಟು ಬೇಗ, ಸಾಮಾನ್ಯವಾಗಿ 6 ಗಂಟೆಯೊಳಗೆ ಕಣ್ಣನ್ನು ತೆಗೆದು ಸಂರಕ್ಷಿಸಬೇಕು. ನಮ್ಮ ಜಿಲ್ಲೆಗಳಲ್ಲಿ ನೇತ್ರದಾನಕ್ಕೆ ಮನಸ್ಸಿನ ಕೊರತೆಗಿಂತ ಈ ಹೊತ್ತಿನ ಕೊರತೆಯೇ ದೊಡ್ಡ ತೊಡಕು ಎಂದು ನಾನು ಬಲವಾಗಿ ನಂಬಿದ್ದೇನೆ.

ಪ್ರತಿ ವರ್ಷ ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ರಾಷ್ಟ್ರೀಯ ನೇತ್ರದಾನ ಪಾಕ್ಷಿಕ ನಡೆಯುತ್ತದೆ. ಕಾಲೇಜುಗಳಲ್ಲಿ ಜಾಥಾ, ಭಾಷಣ, ಪ್ರತಿಜ್ಞಾ ಪತ್ರ ಎಲ್ಲವೂ ಆಗುತ್ತವೆ, ಆಗಲೇಬೇಕು. ಆದರೆ ಪತ್ರಕ್ಕೆ ಸಹಿ ಹಾಕಿದವನು ತನ್ನ ಸಾವಿನ ದಿನ ನೇತ್ರ ಬ್ಯಾಂಕಿಗೆ ತಾನೇ ಫೋನು ಮಾಡಲಾರ. ಆ ಕಾಗದ ಕಪಾಟಿನಲ್ಲಿದ್ದು ಮನೆಯವರಿಗೆ ವಿಷಯವೇ ತಿಳಿಯದಿದ್ದರೆ ಅದರಿಂದ ಪ್ರಯೋಜನವಿಲ್ಲ. ಅದೇ ರೀತಿ, ಯಾವ ಪತ್ರವನ್ನೂ ತುಂಬದೆ ತೀರಿಕೊಂಡವರ ಕಣ್ಣುಗಳನ್ನು ಹತ್ತಿರದ ಬಂಧುಗಳು ಒಪ್ಪಿಗೆ ಕೊಟ್ಟು ದಾನ ಮಾಡಬಹುದು. ಆದ್ದರಿಂದ ಊಟಕ್ಕೆ ಕುಳಿತಾಗಲೋ ಹಬ್ಬಕ್ಕೆ ಎಲ್ಲರೂ ಸೇರಿದಾಗಲೋ ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರ ಎದುರು ಬಾಯಿಬಿಟ್ಟು ಹೇಳಿದ ಮಾತು ಸಹಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಸಾವಿನ ಮಾತು ಮನೆಯಲ್ಲಿ ಆಡಬಾರದೆಂಬ ಹಿಂಜರಿಕೆ ನಮ್ಮಲ್ಲಿದೆ. ಅದನ್ನು ಮೀರುವುದು ಕಷ್ಟವಾದರೂ ಈ ಒಂದು ವಿಷಯಕ್ಕೆ ಮೀರಲೇಬೇಕು.

ನನ್ನ ದೊಡ್ಡಮ್ಮ ಹೀಗೆ ಹೇಳಿಟ್ಟಿದ್ದರು. ಅವರು ತೀರಿಕೊಂಡ ರಾತ್ರಿ ಮುಂಬೈಯಲ್ಲಿದ್ದ ಮಗ ಫೋನಿನಲ್ಲಿ, “ಅಮ್ಮ ಹೇಳಿದ್ದರಲ್ಲ, ನಾನು ಬರುವವರೆಗೆ ಅದಕ್ಕೆ ಕಾಯಬೇಡಿ” ಎಂದ. ಮನೆಯಲ್ಲಿದ್ದ ಮಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ ಪ್ರಶ್ನೆ ಒಂದೇ: “ಅಣ್ಣ, ಬೆಳಿಗ್ಗೆ ನೋಡಲಿಕ್ಕೆ ಬಂದವರಿಗೆ ಮುಖ ಬೇರೆ ಕಾಣ್ತದಾ?” “ಇಲ್ಲ, ಮಲಗಿದ ಹಾಗೆಯೇ ಕಾಣ್ತದೆ” ಎಂದೆ, ಹಾಗೆಯೇ ಕಂಡಿತು. ವೇದಿಕೆಯ ಮೇಲೆ ನಾವು ಶಿವನಿಗೆ ಕಣ್ಣು ಕೊಟ್ಟ ಕಣ್ಣಪ್ಪನನ್ನೂ ಬೆನ್ನೆಲುಬು ಕೊಟ್ಟ ದಧೀಚಿಯನ್ನೂ ನೆನೆಯುತ್ತೇವೆ. ಆದರೆ ಸಾವಿನ ಮನೆಯಲ್ಲಿ ಬೇಕಾಗುವುದು ಪುರಾಣವಲ್ಲ. ಅಲ್ಲಿ ಬೇಕಾಗುವುದು ಅಮ್ಮನ ಮುಖ ಕೆಡುವುದಿಲ್ಲ ಎಂಬ ಭರವಸೆ, ಮತ್ತು ಅದನ್ನು ಮೆಲುದನಿಯಲ್ಲಿ ಹೇಳಬಲ್ಲ ಒಬ್ಬ ಪರಿಚಿತ ವ್ಯಕ್ತಿ. ಇಡೀ ಕಣ್ಣುಗುಡ್ಡೆಯನ್ನು ತೆಗೆದರೂ ಅದರ ಜಾಗವನ್ನು ತುಂಬಿ ರೆಪ್ಪೆ ಮುಚ್ಚುತ್ತಾರೆ. ಕೆಲವೆಡೆ ಮುಂಭಾಗದ ಪದರವನ್ನಷ್ಟೇ ತೆಗೆಯುತ್ತಾರೆ. ಕಣ್ಣು ತೆಗೆಯುವ ಕೆಲಸ 15–20 ನಿಮಿಷಗಳಲ್ಲಿ ಮುಗಿಯುತ್ತದೆ. ಸೋಂಕಿನ ಪರೀಕ್ಷೆಗಾಗಿ ಸ್ವಲ್ಪ ರಕ್ತವನ್ನೂ ತೆಗೆದುಕೊಳ್ಳುತ್ತಾರೆ. ಶವಸಂಸ್ಕಾರಕ್ಕೆ ಇದರಿಂದ ಯಾವ ಅಡ್ಡಿಯೂ ಆಗುವುದಿಲ್ಲ.

ನೇತ್ರ ಬ್ಯಾಂಕಿನ ತಂಡ ಬರುವವರೆಗೆ ಮನೆಯವರು ಮಾಡಬೇಕಾದದ್ದು ಬಹಳವೇನೂ ಇಲ್ಲ. ಎರಡೂ ರೆಪ್ಪೆಗಳನ್ನು ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು, ತಲೆಯ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರಿಸಬೇಕು, ಫ್ಯಾನ್ ನಿಲ್ಲಿಸಬೇಕು. ಬಂದವರು ಸೆಕೆಯೆಂದು ಫ್ಯಾನ್ ಹಾಕಿಬಿಡುತ್ತಾರೆ, ಕರಾವಳಿಯ ಸೆಕೆಯಲ್ಲಿ ಅದು ಸಹಜವೇ; ಆದರೆ ಗಾಳಿಗೆ ಕಣ್ಣಿನ ಮೇಲ್ಮೈ ಒಣಗುತ್ತದೆ. ವೈದ್ಯರಿಂದ ಮರಣ ಪ್ರಮಾಣಪತ್ರ ಪಡೆದಿಟ್ಟುಕೊಳ್ಳಬೇಕು. ಅಪಘಾತದಂಥ ಪ್ರಕರಣಗಳಲ್ಲಿ ಪೊಲೀಸರ ಅನುಮತಿ ಬೇಕಾಗುತ್ತದೆ. ಕನ್ನಡಕ ಹಾಕುತ್ತಿದ್ದವರು, ಸಕ್ಕರೆ ಕಾಯಿಲೆಯವರು, ರಕ್ತದೊತ್ತಡ ಇದ್ದವರು, ಪೊರೆಯ ಆಪರೇಷನ್ ಆದವರು, ಎಂಬತ್ತು ದಾಟಿದವರು ಎಲ್ಲರೂ ಕೊಡಬಹುದು. ರೇಬೀಸ್, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ರಕ್ತದ ಕ್ಯಾನ್ಸರ್, ದೇಹವಿಡೀ ಹರಡಿದ ಸೋಂಕು ಇದ್ದವರಿಂದ ಪಡೆಯುವುದಿಲ್ಲ. ಸಂದೇಹವಿದ್ದರೆ ನಾವೇ ತೀರ್ಮಾನಿಸಿ ಕೈಬಿಡದೆ ನೇತ್ರ ಬ್ಯಾಂಕಿನವರನ್ನು ಕೇಳುವುದು ಸರಿ. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿಯಾದ ಬಳಿಕ ತರಬೇತಿ ಪಡೆದ ತಂತ್ರಜ್ಞರೂ ಕಣ್ಣು ತೆಗೆಯಬಹುದು.

ಕಸಿ ಮಾಡುವುದು ಇಡೀ ಕಣ್ಣನ್ನಲ್ಲ, ಕರಿಗುಡ್ಡೆಯ ಮುಂದಿರುವ ಕಾರ್ನಿಯಾ ಎಂಬ ಪಾರದರ್ಶಕ ಪದರವನ್ನು. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳಗಳಿಲ್ಲ, ಹಾಗಾಗಿ ಸಾಮಾನ್ಯವಾಗಿ ರಕ್ತದ ಗುಂಪು ಹೊಂದಿಸಿ ನೋಡುವ ಗೋಜೂ ಇಲ್ಲ. ಅದು ಬೆಳ್ಳಗಾದರೆ ಹಿಂದಿನ ಕಣ್ಣೆಲ್ಲ ಸರಿಯಿದ್ದರೂ ಬೆಳಕು ಒಳಗೆ ಸರಿಯಾಗಿ ಹೋಗದು. ನಮ್ಮ ಕಡೆ ಈ ಪದರಕ್ಕೆ ಪೆಟ್ಟಾಗುವ ದಾರಿಗಳು ಹಲವು. ಕೊಯ್ಲಿನಲ್ಲಿ ಭತ್ತದ ಗರಿ ತಾಗಿದ ಸಣ್ಣ ಗೀರಿನಲ್ಲಿ ಶಿಲೀಂಧ್ರ ಬೆಳೆದು ಹುಣ್ಣಾಗುತ್ತದೆ. ಹುಲ್ಲು ಕತ್ತರಿಸುವ ಯಂತ್ರದಿಂದ ಕಲ್ಲಿನ ಚೂರು ಸಿಡಿಯುತ್ತದೆ. ಅಡಿಕೆಗೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವಾಗ ಕಣ್ಣಿಗೆ ಹಾರುತ್ತದೆ. ಎಲೆ ಅಡಿಕೆಯ ಸುಣ್ಣದ ಪ್ಯಾಕೆಟನ್ನು ಮಕ್ಕಳು ಹಿಸುಕಿದಾಗ ಅದು ಒಡೆದು ನೇರ ಮುಖಕ್ಕೆ ಚಿಮ್ಮುತ್ತದೆ. ಸುಣ್ಣ ಬಿದ್ದರೆ ಆಸ್ಪತ್ರೆಗೆ ಓಡುವ ಮೊದಲೇ, ನಿಂತಲ್ಲೇ, ಶುದ್ಧ ನೀರು ಹಾಯಿಸಿ ಕನಿಷ್ಠ 15–20 ನಿಮಿಷ ಕಣ್ಣು ತೊಳೆಯಬೇಕು. ಎಲೆಯ ರಸ, ಎದೆಹಾಲು ಬಿಡುವುದಾಗಲಿ, ಮೆಡಿಕಲ್ಲಿನಲ್ಲಿ ಕೇಳಿ ಸ್ಟಿರಾಯ್ಡ್ ಹನಿ ತಂದು ಹಾಕುವುದಾಗಲಿ ಹುಣ್ಣನ್ನು ಉಲ್ಬಣಗೊಳಿಸಬಹುದು.

ಮನುಷ್ಯನಿಗೆ ಮಾಡಿದ ಮೊದಲ ಯಶಸ್ವಿ ಕಾರ್ನಿಯಾ ಕಸಿಯೂ ಸುಣ್ಣದ ಗಾಯಕ್ಕೇ ಆದದ್ದು. ಇಂದಿನ ಚೆಕ್ ದೇಶದ ಓಲೋಮೌಟ್ಸ್ ಪಟ್ಟಣದಲ್ಲಿ 1905ರ ಡಿಸೆಂಬರ್ 7ರಂದು ಎಡ್ವರ್ಡ್ ಝಿರ್ಮ್ ಎಂಬ ವೈದ್ಯರು, ಪೆಟ್ಟು ಬಿದ್ದು ಕಣ್ಣು ತೆಗೆಯಬೇಕಾಗಿ ಬಂದಿದ್ದ ಒಬ್ಬ ಬಾಲಕನ ಕಾರ್ನಿಯಾವನ್ನು ಸುಣ್ಣದಿಂದ ಕುರುಡಾಗಿದ್ದ ಕೂಲಿಯಾಳಿಗೆ ಜೋಡಿಸಿದರು. ಒಂದು ಕಣ್ಣಿನ ಕಸಿ ನಿಂತಿತು, ಅವನು ಮತ್ತೆ ಕೆಲಸಕ್ಕೆ ಹೋದ. ತೀವ್ರವಾದ ಸುಣ್ಣದ ಗಾಯದಲ್ಲಿ ಕಸಿ ನಿಲ್ಲುವುದು ಇಂದಿಗೂ ಸುಲಭವಲ್ಲ. ಕಾರ್ನಿಯಾದ ಮೇಲ್ಪದರವನ್ನು ಹೊಸದಾಗಿ ಬೆಳೆಸುವ ಅಂಚಿನ ಆಕರ ಕೋಶಗಳೇ ಸುಟ್ಟುಹೋಗಿರುತ್ತವೆ. ಆದ್ದರಿಂದಲೇ ನೀರಿನ ಮಾತನ್ನು ಇಷ್ಟು ಒತ್ತಿ ಹೇಳಿದ್ದು.

ಕನ್ನಡಿಗರಿಗೆ ನೇತ್ರದಾನವನ್ನು ಮನೆಮಾತಾಗಿಸಿದವರು ಯಾರೆಂದು ಎಲ್ಲರಿಗೂ ಗೊತ್ತು. 2006ರ ಏಪ್ರಿಲ್ 12ರಂದು ನಿಧನರಾದ ಡಾ. ರಾಜ್‌ಕುಮಾರ್ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ಅಗಲಿದಾಗ ಅಂಥ ದುಃಖದಲ್ಲೂ ಕುಟುಂಬ ಸಮಯ ಮೀರದಂತೆ ನಿರ್ಧರಿಸಿತು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಎರಡು ಕಾರ್ನಿಯಾಗಳ ಮುಂಪದರ, ಹಿಂಪದರಗಳನ್ನು ಬೇರ್ಪಡಿಸಿ ನಾಲ್ವರಿಗೆ ಜೋಡಿಸಿದರು. ಆ ನಾಲ್ವರ ಸುದ್ದಿ ಓದಿದ ನಂತರ ಎಷ್ಟೋ ಮನೆಗಳಲ್ಲಿ ಮೊದಲ ಬಾರಿಗೆ ಈ ಮಾತು ಎದ್ದಿತು.

ಆದರೆ ದೃಷ್ಟಿ ಕಳೆದುಕೊಂಡ ಎಲ್ಲರಿಗೂ ಕಸಿಯಿಂದ ಪ್ರಯೋಜನವಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಗ್ಲಾಕೋಮಾದಿಂದ ಕಣ್ಣಿನ ನರ ಹೋದವರಿಗೆ, ಸಕ್ಕರೆ ಕಾಯಿಲೆಯಿಂದಲೋ ಹುಟ್ಟಿನಿಂದಲೋ ಕಣ್ಣಿನ ಹಿಂಭಾಗದ ಅಕ್ಷಿಪಟಲ (ರೆಟಿನಾ) ಹಾಳಾದವರಿಗೆ ಹೊಸ ಕಾರ್ನಿಯಾ ಏನನ್ನೂ ಮರಳಿಸದು. ಅವರಿಗೆ ಬೇಕಾದದ್ದು ಬದುಕಿರುವ ನಮ್ಮಿಂದ, ದಿನನಿತ್ಯದ ನಡವಳಿಕೆಯಲ್ಲಿ. ಬಿಳಿ ಕೋಲು ಹಿಡಿದವರನ್ನು ತೋಳು ಹಿಡಿದು ಎಳೆದು ರಸ್ತೆ ದಾಟಿಸುವುದು ಸಹಾಯವಲ್ಲ. ಮೊದಲು ಕೇಳಿ, ಅವರು ನಮ್ಮ ಮೊಣಕೈ ಹಿಡಿಯಲು ಬಿಟ್ಟು, ನಾವು ಅರ್ಧ ಹೆಜ್ಜೆ ಮುಂದೆ ನಡೆಯಬೇಕು. ಜೊತೆಗಿರುವವರನ್ನು ನೋಡಿ “ಇವರಿಗೆ ಏನು ಬೇಕಂತೆ?” ಎಂದು ಕೇಳುವ ಅಭ್ಯಾಸವನ್ನೂ ಬಿಡಬೇಕು.

ಮಳೆಗಾಲದ ನಾಲ್ಕು ತಿಂಗಳು ನಮ್ಮೂರಿನಲ್ಲಿ ಅವರಿಗೆ ಬಹಳ ಕಷ್ಟ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕೋಲು, ಹಿಡಿದುಕೊಳ್ಳಲು ಮೂರನೆಯ ಕೈಯಿಲ್ಲ. ಅದಕ್ಕಿಂತ ಹೆಚ್ಚಾಗಿ, ವಾಹನ ಯಾವ ಕಡೆಯಿಂದ ಬರುತ್ತಿದೆಯೆಂದು ತಿಳಿಸುವ ಸದ್ದೆಲ್ಲ ಮಳೆಯಲ್ಲಿ ಮುಳುಗಿಹೋಗುತ್ತದೆ, ತೆರೆದ ಚರಂಡಿಯ ಅಂಚು ನೀರಿನಡಿ ಸೇರುತ್ತದೆ. ಅಂಥ ಹೊತ್ತಿನಲ್ಲಿ ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಸಿಟಿ ಬಸ್ಸಿನ ನಿರ್ವಾಹಕರು ಕೂಗಿ ಹೇಳುವ ಊರುಗಳ ಹೆಸರು ಅವರಿಗೆ ದೊಡ್ಡ ಆಸರೆ. ಕೂಗದ ಬಸ್ಸಿನ ನಂಬರನ್ನು ಪಕ್ಕದಲ್ಲಿ ನಿಂತವರು ಹೇಳಿದರೆ ಸಾಕು. ಕಾಲುದಾರಿಯಲ್ಲಿ ಅವರಿಗಾಗಿ ಹಾಕಿದ ಉಬ್ಬುಗೆರೆಯ ಹಳದಿ ಹಂಚಿನ ಮೇಲೆ ಸ್ಕೂಟರ್ ನಿಲ್ಲಿಸಬಾರದು.

ಓದುವ ವಿಷಯದಲ್ಲೂ ನಾವು ಅರಿಯದೆ ಬಾಗಿಲು ಮುಚ್ಚುತ್ತೇವೆ. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶಗಳಾದ ಮೊಬೈಲಿನ ಟಾಕ್‌ಬ್ಯಾಕ್, ಕಂಪ್ಯೂಟರಿನ ಎನ್‌ವಿಡಿಎ ಇವು ಉಚಿತವಾಗಿಯೇ ಸಿಗುತ್ತವೆ, ಕನ್ನಡವನ್ನೂ ಓದುತ್ತವೆ, ಆದರೆ ಅಕ್ಷರ ಯುನಿಕೋಡ್ ಎಂಬ ಸಾರ್ವತ್ರಿಕ ಅಕ್ಷರ ಸಂಕೇತದಲ್ಲಿರಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಸುತ್ತೋಲೆ ಅವರಿಗೆ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಕೇಳುತ್ತದೆ, ವಾಟ್ಸಾಪಿನಲ್ಲಿ ಕಳಿಸಿದ ಆಮಂತ್ರಣದ ಚಿತ್ರ ಹೆಚ್ಚಾಗಿ ಬರಿಯ ‘ಚಿತ್ರ’ ಎಂದಷ್ಟೇ ಕೇಳುತ್ತದೆ. ಚಿತ್ರದ ಕೆಳಗೆ ಅದೇ ವಿಷಯವನ್ನು ನಾಲ್ಕು ಸಾಲು ಟೈಪಿಸಲು ಎರಡು ನಿಮಿಷವೂ ಬೇಡ.

ಪರೀಕ್ಷೆ ಬಂದಾಗ ಅವರಿಗೆ ಹೇಳಿದ್ದನ್ನು ಬರೆಯುವವರು ಬೇಕು. ಕೇಂದ್ರದ ಮಾರ್ಗಸೂಚಿಯಂತೆ ಲಿಪಿಕಾರರನ್ನು ಪಡೆಯುವವರಿಗೆ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವಿದೆ, ಆದರೆ ಸಮಯ ಇದ್ದು ಬರೆಯುವ ಕೈ ಇಲ್ಲದಿದ್ದರೆ ಏನು ಮಾಡುವುದು? ಅಭ್ಯರ್ಥಿಯೇ ಕರೆತರುವ ಲಿಪಿಕಾರರ ಓದು ಅಭ್ಯರ್ಥಿಗಿಂತ ಕೆಳಗಿನ ಹಂತದ್ದಾಗಿರಬೇಕಾದ್ದರಿಂದ ಪದವಿ ಪರೀಕ್ಷೆಗೆ ಪಿಯುಸಿ ಮಕ್ಕಳು, ಪಿಯುಸಿಗೆ ಹೈಸ್ಕೂಲಿನ ಮಕ್ಕಳು ಮುಂದೆ ಬರಬೇಕಾಗುತ್ತದೆ, ಅವರ ಮನೆಯವರು ಕಳಿಸಲು ಒಪ್ಪಬೇಕಾಗುತ್ತದೆ. ಪರೀಕ್ಷೆಯ ಬೆಳಿಗ್ಗೆ ಮೊದಲ ಬಾರಿಗೆ ಭೇಟಿಯಾದರೆ ಇಬ್ಬರಿಗೂ ತೊಂದರೆ. ಒಂದೆರಡು ದಿನ ಮೊದಲೇ ಕುಳಿತು ಪ್ರಶ್ನೆಯನ್ನು ಎಷ್ಟು ನಿಧಾನವಾಗಿ ಓದಬೇಕು, ಬರೆದದ್ದನ್ನು ಯಾವಾಗ ಓದಿ ಹೇಳಬೇಕು ಎಂದು ಮಾತಾಡಿಕೊಂಡಿದ್ದರೆ ಕೆಲಸ ಹಗುರವಾಗುತ್ತದೆ. ನಿಮ್ಮ ಮನೆಯಲ್ಲಿ ಸ್ಫುಟವಾಗಿ ಓದುವ, ಅಕ್ಷರ ಚೆನ್ನಾಗಿರುವ ಮಗುವಿದ್ದರೆ ಈ ವರ್ಷವೇ ಹತ್ತಿರದ ಕಾಲೇಜಿನಲ್ಲಿ ವಿಚಾರಿಸಿ ಹೆಸರು ಕೊಡಿ.