ಇಲ್ಲ ಅಂತ ಟಿಕ್ ಮಾಡ್ರಿ

"ಇಲ್ಲ ಅಂತ ಟಿಕ್ ಮಾಡ್ರಿ, ಮುಗೀತು."

ಭಾನುವಾರ ತಮ್ಮನ ಮನೆಯಲ್ಲಿ ವಿಮಾ ಏಜೆಂಟ್ ಹೇಳಿದ ಈ ಮಾತು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ.

ತಮ್ಮ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹದ ಎರಕದ ಕಾರ್ಖಾನೆಯಲ್ಲಿದ್ದಾನೆ. ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ನಿಂತಿದೆ. ರಾತ್ರಿ ಪಾಳಿ ಬಂದ್ ಆಗಿದೆ. ಗುತ್ತಿಗೆ ಹುಡುಗರನ್ನು ಆಗಲೇ ಮನೆಗೆ ಕಳಿಸಿದ್ದಾರೆ. ಮುಂದೆ ಪರ್ಮನೆಂಟ್‌ನವರ ಸರದಿ ಅಂತ ಸೂಪರ್‌ವೈಸರೇ ಹೇಳಿದ್ದಾರೆ. ಮನೆ ಸಾಲದ ಕಂತು ಇನ್ನೂ ವರ್ಷಗಟ್ಟಲೆ ಇದೆ. ಕೆಲಸ ಹೋದರೆ ಕಂತು ಕಟ್ಟುವ ಪಾಲಿಸಿ ಇದೆ ಅಂತ ಯಾರೋ ಹೇಳಿದ್ದಕ್ಕೆ ಈ ಏಜೆಂಟ್ ಬಂದಿದ್ದ.

ಫಾರ್ಮಿನಲ್ಲಿ ಒಂದು ಪ್ರಶ್ನೆ: ನಿಮ್ಮ ಕಂಪನಿಯಲ್ಲಿ ಕೆಲಸ ಕಡಿತ ಆಗಬಹುದು ಅಂತ ನಿಮಗೆ ಗೊತ್ತಿದೆಯೇ?

ತಮ್ಮ ಪೆನ್ನು ಹಿಡಿದು ಹಾಗೇ ಕೂತ. "ಅಕ್ಕಾ, ಇಡೀ ಉದ್ಯಮಬಾಗಕ್ಕ ಗೊತ್ತಿರೂ ಮಾತು. ನನಗ ಗೊತ್ತಿಲ್ಲ ಅಂತ ಹೆಂಗ ಬರೀಲಿ?"

"ನೋಟಿಸ್ ಬಂದೈತೇನ್ರಿ? ಇಲ್ಲಲ್ಲ? ಮತ್ತ ಇಲ್ಲ ಅಂತ ಟಿಕ್ ಮಾಡ್ರಿ, ಮುಗೀತು."

ಅಲ್ಲಿ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ಗೊತ್ತಿದ್ದದ್ದನ್ನು ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಅದೇ ಸಾಕು. ಆಗ ಏಜೆಂಟ್ ಎಲ್ಲಿರುತ್ತಾನೆ? ಆ ಹುಡುಗ ಕೆಟ್ಟವನಲ್ಲ, ಅವನಿಗೂ ಟಾರ್ಗೆಟ್ ಇದೆ. ಆದರೆ ಹೆದರಿದ ಮನುಷ್ಯನ ಕೈಯಲ್ಲಿ ಸುಳ್ಳು ಬರೆಸಿ ಪ್ರೀಮಿಯಂ ಒಯ್ಯುವುದು ನನಗೆ ಒಪ್ಪಿಗೆಯಾಗಲಿಲ್ಲ.

ರಾತ್ರಿ ಕೂತು ನಿಯಮ ಓದಿದೆ. ನಮ್ಮಲ್ಲಿ ಈ ರಕ್ಷಣೆ ಸಾಮಾನ್ಯವಾಗಿ ಬಿಡಿಯಾಗಿ ಸಿಗುವುದಿಲ್ಲ, ಸಾಲದ ಅಥವಾ ಕಾಯಿಲೆಯ ಪಾಲಿಸಿಗೆ ಜೋಡಿಸಿ ಕೊಡುತ್ತಾರೆ. ಸಿಕ್ಕರೂ ಹೆಚ್ಚಾಗಿ 3 ಕಂತು ಅಷ್ಟೇ. ಮೊದಲ ಒಂದರಿಂದ ಮೂರು ತಿಂಗಳು ಕಾಯುವ ಅವಧಿ, ಅದರೊಳಗೆ ಕೆಲಸ ಹೋದರೆ ಏನೂ ಬರುವುದಿಲ್ಲ. ರಾಜೀನಾಮೆ ಕೊಟ್ಟವರಿಗಂತೂ ಇಲ್ಲವೇ ಇಲ್ಲ. ಇದನ್ನು ಓದಿ ಎದೆ ಧಸಕ್ಕೆಂದಿತು. ಎಷ್ಟೋ ಕಡೆ ಕೆಲಸದಿಂದ ತೆಗೆಯುವವರು ಮೊದಲು ಕೇಳುವುದೇ ರಾಜೀನಾಮೆ ಪತ್ರ, ಅಲ್ವಾ?

ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದ್ದವರಿಗೆ, ಕೆಲಸ ಹೋದರೆ ಸ್ವಲ್ಪ ಕಾಲ ಭತ್ಯೆ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯನ್ನು 2018ರಲ್ಲಿ ತಂದರು. ಆದರೆ ಇಎಸ್‌ಐಗೆ ತಿಂಗಳ ಸಂಬಳದ ಮಿತಿ 21,000 ರೂಪಾಯಿ. ತಮ್ಮ ಅದನ್ನು ದಾಟಿದ್ದಾನೆ. ಅವನಿಗೆ ಉಳಿದದ್ದು ಕಾನೂನಿನ ಪರಿಹಾರ. ಒಂದು ವರ್ಷ ಬಿಡದೆ ದುಡಿದ ಕಾರ್ಮಿಕನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ಜೊತೆಗೆ ದುಡಿದ ಪ್ರತಿ ವರ್ಷಕ್ಕೂ 15 ದಿನದ ಸರಾಸರಿ ಸಂಬಳ. ತಮ್ಮ ಅಲ್ಲಿ ಸೇರಿ ಹನ್ನೊಂದು ವರ್ಷ ದಾಟಿದೆ. ಈ ದುಡ್ಡು 3 ಕಂತಿಗಿಂತ ಎಷ್ಟೋ ಜಾಸ್ತಿ.

ನನಗೆ ಹೆಚ್ಚು ಸಿಟ್ಟು ಬಂದದ್ದು ಆ ಕಾರ್ಖಾನೆಯ ಮ್ಯಾನೇಜರ್ ಮೇಲೆ. ಆರ್ಡರ್ ಕಡಿಮೆಯಾಗಿದ್ದರೆ ಕರೆದು ಹೇಳಬಹುದಿತ್ತು. ಇಷ್ಟು ಜನರನ್ನು ಬಿಡಬೇಕಾಗಬಹುದು, ಇಷ್ಟು ಹಣ ಕೊಡುತ್ತೇವೆ ಅಂತ ಬೋರ್ಡಿಗೆ ಹಚ್ಚಬಹುದಿತ್ತು. ಏನೂ ಹೇಳದೆ ಚಹಾದಂಗಡಿಯ ಗಾಳಿಮಾತಿಗೆ ಬಿಟ್ಟರು. ಈಗ ಗೊತ್ತು ಅನ್ನಬೇಕೋ ಇಲ್ಲ ಅನ್ನಬೇಕೋ ಎಂಬ ಸಂಕಟ ಮಾತ್ರ ಕಾರ್ಮಿಕನದು.

ತಮ್ಮ ಸಹಿ ಹಾಕಲಿಲ್ಲ. ನೇಮಕಾತಿ ಪತ್ರ, ಸಂಬಳದ ಚೀಟಿ ಎಲ್ಲ ಒಂದೇ ಫೈಲಿಗೆ ಹಾಕಿಸಿದ್ದೇನೆ. ಯಾರೇ ರಾಜೀನಾಮೆ ಬರೆದುಕೊಡು ಅಂದರೂ ಬರೆಯಬೇಡ, ಮೊದಲು ನನಗೆ ಫೋನ್ ಮಾಡು ಅಂತ ಹೇಳಿದ್ದೇನೆ.