‘ದೇವರು’ ಓದಿದರೆ ದೇವರ ಮೇಲಿನ ನಂಬಿಕೆ ಹೋಗುತ್ತಾ?

ಕನ್ನಡದ ಹಿರಿಯ ಲೇಖಕ ಎ.ಎನ್. ಮೂರ್ತಿರಾಯರು ದೇವರ ಇರುವಿಕೆಯನ್ನೇ ಪ್ರಶ್ನಿಸಿ ಬರೆದ ‘ದೇವರು’ ಪುಸ್ತಕವನ್ನು ನಾನು ಕಂಡಕಂಡವರಿಗೆಲ್ಲ ಓದಲು ಕೊಡುತ್ತೇನೆ. ಹಾಗಾಗಿ ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ: ‘ಅದನ್ನ ಓದಿದ್ರೆ ನಂಬಿಕೆ ಹೋಗಲ್ವಾ? ನಿಮಗೆ ಹೋಯ್ತಾ?’ ಅಪ್ಪ-ಅಮ್ಮಂದಿರಂತೂ ನಿಜವಾದ ಆತಂಕದಿಂದಲೇ ಕೇಳುತ್ತಾರೆ.

ಪುಸ್ತಕ ನಂಬಿಕೆಯನ್ನು ಖಂಡಿತ ಬದಲಿಸಬಲ್ಲದು. ಆದರೆ ಯಾವ ಪುಸ್ತಕ ಯಾರಿಗೆ ಎಲ್ಲಿ ತಾಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ.

ಗಾಂಧೀಜಿಯ ಆತ್ಮಕಥೆಯನ್ನೇ ನೋಡಿ. ಹುಡುಗನಾಗಿದ್ದಾಗ ಅಪ್ಪನ ಪುಸ್ತಕಗಳ ನಡುವೆ ಅವರಿಗೆ ಮನುಸ್ಮೃತಿ ಸಿಕ್ಕಿತು. ಅದರಲ್ಲಿನ ಸೃಷ್ಟಿಯ ಕಥೆ ಮನಸ್ಸಿಗೆ ಹಿಡಿಸಲಿಲ್ಲ. ಓದಿ ಸ್ವಲ್ಪ ನಾಸ್ತಿಕತೆಯ ಕಡೆಗೇ ವಾಲಿದೆ ಎನ್ನುತ್ತಾರೆ. ಮುಂದೆ ಲಂಡನ್ನಿಗೆ ಹೋದರು. ಅಲ್ಲಿ ಚಾರ್ಲ್ಸ್ ಬ್ರ್ಯಾಡ್ಲಾ ಎಂಬ ನಾಸ್ತಿಕ ಮನೆಮಾತಾಗಿದ್ದ ಕಾಲ. ಗಾಂಧಿ ನಾಸ್ತಿಕತೆಯ ಬಗ್ಗೆ ಯಾವುದೋ ಪುಸ್ತಕ ಓದಿದರು. ಏನೂ ಆಗಲಿಲ್ಲ. ಆತ್ಮಕಥೆ ಬರೆಯುವ ಹೊತ್ತಿಗೆ ಅದರ ಹೆಸರೂ ನೆನಪಿರಲಿಲ್ಲ. 1891ರಲ್ಲಿ ಬ್ರ್ಯಾಡ್ಲಾ ತೀರಿಕೊಂಡಾಗ ಅಂತ್ಯಸಂಸ್ಕಾರಕ್ಕೂ ಹೋಗಿಬಂದರು. ಧರ್ಮಗ್ರಂಥ ಅನುಮಾನ ಹುಟ್ಟಿಸಿತು, ನಾಸ್ತಿಕರ ಪುಸ್ತಕ ತಾಗಲೇ ಇಲ್ಲ! ಆಮೇಲೆ ದಕ್ಷಿಣ ಆಫ್ರಿಕಾದಲ್ಲಿ, ಕ್ರೈಸ್ತ ಧರ್ಮದ ಬಗ್ಗೆ ಟಾಲ್‌ಸ್ಟಾಯ್ ಬರೆದ ಪುಸ್ತಕ ಅವರನ್ನು ಅಲ್ಲಾಡಿಸಿಬಿಟ್ಟಿತು. ಆದರೂ ಕ್ರೈಸ್ತರಾಗಲಿಲ್ಲ. ಹಿಂದೂವಾಗಿಯೇ ಉಳಿದು ಬದುಕುವ ರೀತಿಯನ್ನು ಬದಲಿಸಿಕೊಂಡರು.

ಇನ್ನು ‘ದೇವರು’. 1900ರಲ್ಲಿ ಹುಟ್ಟಿದ ಮೂರ್ತಿರಾಯರ ಈ ಪುಸ್ತಕ ಹೊರಬಂದದ್ದು 1991ರಲ್ಲಿ. ಆಗ ಅವರಿಗೆ ತೊಂಬತ್ತು ದಾಟಿತ್ತು. ಕೆಣಕಬೇಕೆಂಬ ಹಟ ಅದರಲ್ಲಿಲ್ಲ. ಜಗಲಿ ಮೇಲೆ ಕೂತು ಮಾತಾಡುವ ಹಿರಿಯರ ದನಿ. ದೇವರು ಕರುಣಾಮಯಿ, ಸರ್ವಶಕ್ತ ಅಂತೀರಲ್ಲ, ಹಾಗಿದ್ದರೆ ಲೋಕದಲ್ಲಿ ಇಷ್ಟೊಂದು ಸಂಕಟ ಯಾಕೆ? ಈ ಹಳೇ ಪ್ರಶ್ನೆಯನ್ನು ಅವರು ಬಿಡದೆ ಕೇಳುತ್ತಾರೆ.

ನನಗೆ ತಾಗಿದ್ದು ಅಲ್ಲೇ. ಈಗಲೂ ಬೆಳಗ್ಗೆ ದೀಪ ಹಚ್ಚುತ್ತೇನೆ. ಹರಕೆ ಹೊರುವುದು ಮಾತ್ರ ನಿಂತುಹೋಯಿತು. ಇನ್ನೊಂದೂ ನಿಂತಿತು. ನಮ್ಮ ಬೀದಿಯಲ್ಲಿ ನಡೆಯಲಾಗದ ಒಂದು ಮಗುವಿತ್ತು. ಅದನ್ನು ಸೊಂಟದ ಮೇಲಿಟ್ಟುಕೊಂಡು ತಾಯಿ ನಲ್ಲಿ ಹತ್ತಿರ ಬಂದರೆ, ಕೊಡ ಹಿಡಿದು ನಿಂತವರು ‘ಹಿಂದಿನ ಜನ್ಮದ ಕರ್ಮ, ಏನ್ ಮಾಡೋಕಾಗುತ್ತೆ’ ಅನ್ನುತ್ತಿದ್ದರು. ಮರುಕದಿಂದಲೇ, ಆದರೆ ಆಕೆಗೆ ಕೇಳಿಸುವಂತೆ. ಆಕೆ ಏನೂ ಹೇಳುತ್ತಿರಲಿಲ್ಲ, ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಳ್ಳುತ್ತಿದ್ದಳು. ಪುಸ್ತಕ ಓದಿದ ಮೇಲೆ ಅಂಥ ಮಾತು ನನ್ನ ಕಿವಿಗೆ ಬಿದ್ದರೆ ಸುಮ್ನೆ ಇರಲು ಆಗುವುದಿಲ್ಲ. ದೇವರಿದ್ದಾನೋ ಇಲ್ಲವೋ ಅನ್ನುವುದಕ್ಕಿಂತ ನನಗೆ ಈ ಬದಲಾವಣೆಯೇ ಜಾಸ್ತಿ ಮುಖ್ಯ.

ಮಕ್ಕಳಿಗೆ ಕೊಡಬಹುದಾ? ಹೈಸ್ಕೂಲು ದಾಟಿದವರಿಗೆ ಧಾರಾಳವಾಗಿ ಕೊಡಿ. ಓದಿ ಬಂದು ಪ್ರಶ್ನೆ ಕೇಳಿದರೆ ಕೂತು ಮಾತಾಡಿ. ಅನುಮಾನ ಬಂದಾಗ ಬಾಲಕ ಗಾಂಧಿ ತಾನು ಗೌರವಿಸುತ್ತಿದ್ದ ಸಂಬಂಧಿಯೊಬ್ಬರ ಹತ್ತಿರ ಹೋದರಂತೆ. ದೊಡ್ಡವನಾದ ಮೇಲೆ ನಿನಗೇ ತಿಳಿಯುತ್ತೆ, ಈ ವಯಸ್ಸಿಗೆ ಇಂಥ ಪ್ರಶ್ನೆ ಬೇಡ ಎಂದು ಅವರು ಸಾಗಹಾಕಿದರು. ಬಾಯಿ ಮುಚ್ಚಿತು, ಸಮಾಧಾನವಾಗಲಿಲ್ಲ ಎಂದು ಗಾಂಧೀಜಿ ಬರೆದಿದ್ದಾರೆ. ನಿಮಗೆ ಉತ್ತರ ಗೊತ್ತಿಲ್ಲದಿದ್ದರೆ ‘ತಾಳು, ನಾನೂ ಓದ್ತೀನಿ’ ಅನ್ನಿ. ಅದು ಮಕ್ಕಳಿಗೆ ಸಾಕು.